ಭಿವಂಡಿಯ ತಗಡಿಗೆ ಎರಡು ಬೆರಳು ಜಾಗ

ಠಾಣೆಯಿಂದ ಕಶೇಳಿ ಖಾಡಿಯ ಸೇತುವೆ ದಾಟಿದರೆ ಊರಿನ ಚಹರೆಯೇ ಬದಲಾಗುತ್ತದೆ. ಕಾಲ್ಹೇರ್, ಪೂರ್ಣಾ, ಮಾನಕೋಲಿ ಎಂದು ಹಳ್ಳಿಗಳ ಹೆಸರು ಉಳಿದಿವೆ. ರಸ್ತೆಯ ಎರಡೂ ಬದಿಗೆ ಕಾಣುವುದು ಮಾತ್ರ ಗೋದಾಮುಗಳು. ಪವರ್‌ಲೂಮ್‌ಗಳ ಭಿವಂಡಿ ಹೀಗಾದದ್ದಕ್ಕೆ ಜಕಾತಿ ಒಂದು ದೊಡ್ಡ ಕಾರಣ. ಸರಕನ್ನು ಮುಂಬೈ ಪಾಲಿಕೆಯ ಗಡಿಯಾಚೆ ಇಟ್ಟುಕೊಂಡರೆ ಒಳಗೆ ಒಯ್ದಷ್ಟಕ್ಕೆ ಮಾತ್ರ ಜಕಾತಿ ಕಟ್ಟಿದರೆ ಸಾಕಿತ್ತು. 2017ರಲ್ಲಿ ಜಿಎಸ್‌ಟಿ ಬಂದು ಜಕಾತಿ ಹೋಯಿತು, ಗೋದಾಮುಗಳು ಹೋಗಲಿಲ್ಲ.

ಕಳೆದ ಜೂನ್‌ನಲ್ಲಿ ಅಂಥದೊಂದು ಗೋದಾಮಿಗೆ ಸಾಫ್ಟ್‌ವೇರ್ ಅಳವಡಿಸಲು ಹೋಗಿದ್ದೆ. ನಾನು ಓದಿದ್ದು ಸ್ಟ್ರಕ್ಚರಲ್ ಎಂ.ಟೆಕ್, ಹೊಟ್ಟೆಪಾಡು ಐಟಿ. 240 ಮೀಟರ್ ಉದ್ದದ ಉಕ್ಕಿನ ಶೆಡ್ಡು ಅದು. ಮೊದಲ ಮಳೆಗೇ ನಟ್ಟನಡುವಿನ ಸಾಲಿನಲ್ಲಿ ಸೋರಿ ನಮ್ಮ ಸ್ಕ್ಯಾನರುಗಳೆಲ್ಲ ನೆನೆದಿದ್ದವು. ಮ್ಯಾನೇಜರ್ ಒಬ್ಬ ವಯಸ್ಸಾದ ಕೆಲಸಗಾರನ ಮೇಲೆ ಹರಿಹಾಯುತ್ತಿದ್ದರು. ಮೂರು ವರ್ಷದಿಂದ ಸಿಲಿಕಾನ್ ಹಚ್ಚುವವನು ಆತನೇ, ಮೂರೂ ವರ್ಷ ಸೋರಿದೆ, ಈ ಸಲದ ದುಡ್ಡು ಸಿಗುವುದಿಲ್ಲ. ಆತ ಪಕ್ಕಕ್ಕೆ ತಿರುಗಿ, "ನಾ ಏನ್ ಮಾಡ್ಲೋ ಯಪ್ಪಾ" ಎಂದು ಗೊಣಗಿದ. ನನ್ನ ಕಿವಿ ನೆಟ್ಟಗಾಯಿತು.

"ಯಾವೂರು ಕಾಕಾ?"

"ಇಂಡಿ ತಾಲ್ಲೂಕ್ರಿ ಸರ. ತಾವು?"

"ಧಾರವಾಡ."

ಮರುದಿನ ಮಳೆ ಬಿಡುವು ಕೊಟ್ಟಾಗ ಬೆಲ್ಟು ಬಿಗಿದುಕೊಂಡು ಇಬ್ಬರೂ ಏಣಿ ಹತ್ತಿದೆವು. "ಬಿಸಿಲು ಏರಿದಂಗ ಈ ತಗಡು ಟಣ್ ಟಣ್ ಅಂತಾವ್ರಿ. ನಾ ಹಚ್ಚಿದ್ದು ನಾಕ್ ದಿನಕ್ಕ ಹರೀತದ. ಯಾರಿಗಿ ಹೇಳೂದು?" ಎಂದ ಕಾಕಾ. ರೋಗ ಏನೆಂದು ಆತ ಆಗಲೇ ಹೇಳಿಬಿಟ್ಟಿದ್ದ.

ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ 0.012 ಮಿಲಿಮೀಟರ್ ಹಿಗ್ಗುತ್ತದೆ. ಶೆಡ್ಡಿನಲ್ಲಿ 120 ಮೀಟರಿನ ಎರಡು ಭಾಗಗಳಿದ್ದವು. ಪ್ರತಿ ಭಾಗದ ನಡುವೆ ಅಡ್ಡಪಟ್ಟಿಗಳ ಬ್ರೇಸಿಂಗ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಅಲ್ಲಿಂದ ಎರಡೂ ಕಡೆಗೆ 60 ಮೀಟರ್ ಉಕ್ಕು ಚಾಚುತ್ತದೆ. ಡಿಸೆಂಬರಿನ ಬೆಳಗಿನ ಜಾವಕ್ಕೂ ಮೇ ತಿಂಗಳ ಮಧ್ಯಾಹ್ನಕ್ಕೂ 25 ಡಿಗ್ರಿ ವ್ಯತ್ಯಾಸ ಹಿಡಿದರೆ ಒಂದೊಂದು ಕಡೆಯಿಂದ 18 ಮಿಲಿಮೀಟರ್. ನಡುವಿನ ಸಂದಿ 36 ಮಿಲಿಮೀಟರ್, ಅಂದರೆ ಸುಮಾರು ಎರಡು ಬೆರಳು, ಕಿರಿದಾಗಿ ಮತ್ತೆ ಅಗಲವಾಗಬೇಕು. ಅದಕ್ಕೆಂದೇ ಅಲ್ಲಿ ಜೋಡಿ ಕಂಬಗಳಿದ್ದವು. ಆದರೆ ಸಂದಿಯ ಮೇಲಿದ್ದ ಮೂಲ ರಬ್ಬರ್ ಮುಚ್ಚಳ ಹರಿದಾಗ ಯಾರೋ ಚಪ್ಪಟೆ ತಗಡು ಹಾಸಿ ಎರಡೂ ಬದಿಗೆ ಸ್ಕ್ರೂ ಹೊಡೆದಿದ್ದರು. ಸ್ಕ್ರೂ ತೂತುಗಳೆಲ್ಲ ಹಿಗ್ಗಿ ಉದ್ದವಾಗಿದ್ದವು. ಯಾವ ಸಿಲಿಕಾನ್ ತಾನೇ ತಡೆದೀತು?

ಕೆಳಗಿಳಿದು ಹೇಳಿದಾಗ ಮ್ಯಾನೇಜರ್ ಕೇಳಿದರು, "ಹಾಗಾದರೆ ಸಂದಿಯನ್ನೇ ವೆಲ್ಡ್ ಮಾಡಿ ಮುಚ್ಚಿಬಿಟ್ಟರೆ?"

ಕಿಸೆಯ ಬೆಂಕಿಪೊಟ್ಟಣವೇ ಉತ್ತರವಾಯಿತು. ಒಳಗಿನ ಡಬ್ಬಿಯನ್ನು ಹೊರತೆಗೆದು ಹೊರಗಿನ ಕವಚವನ್ನಷ್ಟೇ ಒತ್ತಿದರೆ ಅದು ಓರೆಯಾಗುತ್ತದೆ. ಡಬ್ಬಿ ಒಳಗಿದ್ದರೆ ಆಗದು. ಛಾವಣಿಯೂ ಹಾಗೆ ಶೆಡ್ಡನ್ನು ಓರೆಯಾಗದಂತೆ ಹಿಡಿದು, ಗಾಳಿಯ ಒತ್ತಡವನ್ನು ಬ್ರೇಸಿಂಗ್‌ಗೆ ಮುಟ್ಟಿಸುತ್ತದೆ. ಇದನ್ನೇ ಡಯಾಫ್ರಂ ಎನ್ನುವುದು. ಅದನ್ನು ಎಲ್ಲಿ ಕತ್ತರಿಸುತ್ತೀರೋ ಅಲ್ಲಿಂದಾಚೆಗೆ ಎರಡು ಕಟ್ಟಡಗಳು. ಎರಡಕ್ಕೂ ಸ್ವಂತ ಬ್ರೇಸಿಂಗ್ ಬೇಕು. ಈ ಶೆಡ್ಡಿನ ವಿನ್ಯಾಸಕಾರರು ಅದನ್ನು ಸರಿಯಾಗಿಯೇ ಮಾಡಿದ್ದರು. ಈಗ ಬೆಸೆದರೆ 120 ಮೀಟರ್ ಅಂತರದ ಎರಡು ಬ್ರೇಸಿಂಗ್‌ಗಳ ನಡುವೆ ಹಿಗ್ಗಲು ಜಾಗವಿಲ್ಲದೆ ಉಕ್ಕು ಸಿಕ್ಕಿಕೊಳ್ಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಆ ಅಂತರ 50 ಮೀಟರ್ ಮೀರಬಾರದು ಎನ್ನುತ್ತದೆ ನಮ್ಮ ಐಎಸ್ 800 ಸಂಹಿತೆಯ 2007ರ ಆವೃತ್ತಿ. ಸೋರುವುದು ನಿಲ್ಲಬಹುದು, ಬೋಲ್ಟುಗಳು ಕಿತ್ತುಬರಬಹುದು.

ಅಷ್ಟು ಭಾಷಣ ಬಿಗಿದು ತಲೆ ಎತ್ತಿದರೆ ನಮ್ಮದೇ ಕೇಬಲ್ ಟ್ರೇ ಕಂಡಿತು. ಸಂದಿಯ ಎರಡೂ ಬದಿಗೆ ಬೋಲ್ಟು ಬಿಗಿದು ನೆಟ್ಟಗೆ ಹಾಯ್ದಿತ್ತು. ಆ ನಕ್ಷೆಗೆ ಒಪ್ಪಿಗೆ ಕೊಟ್ಟವನು ನಾನು. ಪರದೆಯ ಮೇಲೆ ಅದು ಬರೀ ಒಂದು ಗೆರೆಯಾಗಿತ್ತು.

ಟ್ರೇಯನ್ನು ಅಲ್ಲಿ ಕತ್ತರಿಸಿ ಕೇಬಲ್ಲಿಗೆ ಸಡಿಲ ಬಿಟ್ಟೆವು. ಮೇಲೆ ಕಾಕಾ ಹೊಸ ಮುಚ್ಚಳ ಹಾಕಿದ: ಅಂಚುಗಳನ್ನು ನೀರಿಗಿಂತ ಎತ್ತರಕ್ಕೆ ಮಡಚಿ, ಒಂದೇ ಬದಿಗೆ ಸ್ಕ್ರೂ, ಇನ್ನೊಂದು ಬದಿ ಜಾರಲು ಬಿಡುವು. ಬೆಳಿಗ್ಗೆ ಪೆನ್ಸಿಲ್ಲಿನಲ್ಲಿ ಎಳೆದ ಗೆರೆ ಮಧ್ಯಾಹ್ನದ ಬಿಸಿಲಿಗೆ ಮುಚ್ಚಳದ ಅಡಿಗೆ ಸರಿದಿತ್ತು. ಕಾಕಾ ಬಗ್ಗಿ ನೋಡಿ ನಕ್ಕ.

ಅವನ ತಡೆಹಿಡಿದ ಕೂಲಿಗೆ ನನ್ನ ವರದಿಯಲ್ಲಿ ಒಂದು ಸಾಲು ಬರೆದೆ: ದೋಷ ಹಚ್ಚಿದವನದಲ್ಲ, ಬಿಗಿದವರದು. ದುಡ್ಡು ಬಂತು. ಜುಲೈನ ಜೋರು ಮಳೆಯ ರಾತ್ರಿ ಫೋನೂ ಬಂತು.

"ಸರ, ಒಂದ್ ಹನಿ ಇಲ್ರಿ."

ಈಗ ನಿಮ್ಮ ಊರಿನ ಮಾಲಿನಲ್ಲೋ ವಿಮಾನ ನಿಲ್ದಾಣದಲ್ಲೋ ನೆಲಕ್ಕೆ ಅಡ್ಡ ಹಾಯುವ ಅಲ್ಯೂಮಿನಿಯಂ ಪಟ್ಟಿ ಕಂಡರೆ ಒಮ್ಮೆ ತಲೆ ಎತ್ತಿ ನೋಡಿ. ಛಾವಣಿಯಲ್ಲೂ ಅದೇ ನೇರಕ್ಕೆ ಒಂದು ಸಂದಿ ಇರಬಹುದು. ಅದನ್ನು ಯಾರೂ ಬಿಗಿಯದಿರಲಿ.