ಒಂಟಿ ಪಾದ್ರಿಯ ಎಪ್ಪತ್ತು ಸಾವಿರ ಮಾತು

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಒಂಟಿತನದ ಮಾತೆತ್ತಿದರೆ ಜನ ನಕ್ಕಾರು. ಸವಾಯಿ ಗಂಧರ್ವ ಸಭಾಭವನದಲ್ಲಿ ಒಂದಿಲ್ಲೊಂದು ಕಾರ್ಯಕ್ರಮ, ರಸ್ತೆ ತುಂಬ ಗಾಡಿ. ಆದರೆ ಊರು ಬಿಟ್ಟು ಬಂದು ಬಾಡಿಗೆ ಕೋಣೆ ಹಿಡಿದವರಿಗೆ ಗೊತ್ತು, ಗದ್ದಲ ಬೇರೆ, ಜೊತೆ ಬೇರೆ. ಸಂದರ್ಶನದಲ್ಲಿ ಬೇಡವೆನಿಸಿಕೊಂಡವರಿಗೆ, ಗೊತ್ತಾಗಿದ್ದ ಸಂಬಂಧ ಮುರಿದವರಿಗೆ ಸಿಗುವ ಸಮಾಧಾನ ಒಂದೇ: ‘ದೇವರಿದ್ದಾನ ತಗೋ, ಚಿಂತಿ ಮಾಡಬ್ಯಾಡ.’ ಕ್ರೈಸ್ತರ ಮನೆಯಾದರೆ ಅದರ ಜೊತೆಗೊಂದು ಬೈಬಲ್ ವಚನ. ಈ ಸಮಾಧಾನ ಸುಳ್ಳಲ್ಲ, ತುಸು ಅವಸರದ್ದು.

ಬೈಬಲ್ಲಿಗೇ ಆ ಅವಸರವಿಲ್ಲ. ಅದರ 150 ಕೀರ್ತನೆಗಳಲ್ಲಿ ದೊಡ್ಡ ಪಾಲು ದೇವರ ಮುಂದೆ ಹೇಳಿಕೊಂಡ ಗೋಳು, ದೂರು. ಗೆತ್ಸೆಮನೆ ತೋಟದಲ್ಲಿ ಯೇಸು ಸಂಕಟಪಡುತ್ತಿದ್ದಾಗ ಶಿಷ್ಯರು ನಿದ್ದೆ ಹೋಗಿದ್ದರು; ಆ ಒಂಟಿತನವನ್ನೂ ಬೈಬಲ್ ಮುಚ್ಚಿಡುವುದಿಲ್ಲ.

ತನ್ನವರಿಗೇ ಬೇಡವಾದ ಒಬ್ಬ ನಂಬಿಗಸ್ತ ಏನು ಮಾಡಿದ ಎಂದು ತಿಳಿಯಲು ಬಹುದೂರ ಹೋಗಬೇಕಿಲ್ಲ. ಚಿಗರಿ ಬಸ್ ಹತ್ತಿದರೆ ಧಾರವಾಡ. ಬಾಸೆಲ್ ಮಿಶನ್ನಿನ ತರುಣ ಪಾದ್ರಿ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಭಾರತಕ್ಕೆ ಬಂದು ಈ ಸೀಮೆಯಲ್ಲಿ ಕೆಲಸ ಶುರು ಮಾಡಿದಾಗ ವಯಸ್ಸು 21. ಉತ್ತರ ಜರ್ಮನಿಯವರು, ಹೆಚ್ಚು ಓದಿದವರು. ಮಿಶನ್ನಿನಲ್ಲಿ ತುಂಬಿದ್ದವರು ದಕ್ಷಿಣ ಜರ್ಮನಿಯ, ಸಾಧಾರಣ ಓದಿನ ಜನ. ಅಲ್ಲಿಗೇ ಒಂದು ಬಿರುಕು ಬಿದ್ದಿತ್ತು. ಯೆಹೂದ್ಯರ ನಡುವೆ ಯೆಹೂದ್ಯನಂತಿದ್ದ ಪೌಲನ ಮಾದರಿ ಹಿಡಿದು ಕಿಟ್ಟೆಲ್ ಕನ್ನಡ, ಇಲ್ಲಿನ ರೀತಿ ರಿವಾಜು, ಸಂಗೀತ ಕಲಿಯತೊಡಗಿದ ಮೇಲಂತೂ ಹಿರಿಯರು ಸಿಡಿಮಿಡಿಗೊಂಡರು. ಟೀಕೆ ಬಂತು, ನೀಲಗಿರಿಯ ಮೂಲೆಯೊಂದಕ್ಕೆ ವರ್ಗವೂ ಆಯಿತು. ಮುಂದೆ ಮಂಗಳೂರಿನ ಅಚ್ಚುಕೂಟದ ಕೆಲಸ. ‘ಎತ್ತಂಗಡಿ’ ಎಂಬುದು ಸರ್ಕಾರಿ ನೌಕರರ ಸ್ವತ್ತೇನಲ್ಲ.

ಮನೆಯಲ್ಲೂ ನೆಮ್ಮದಿ ನಿಲ್ಲಲಿಲ್ಲ. 1860ರಲ್ಲಿ ಕೈ ಹಿಡಿದ ಪೌಲಿನ್ 1864ರಲ್ಲಿ ತೀರಿಕೊಂಡರು. ಮೂರು ವರ್ಷದ ನಂತರ ಕಿಟ್ಟೆಲ್ ಆಕೆಯ ತಂಗಿ ಜೂಲಿಯನ್ನು ಮದುವೆಯಾದರು.

ಇಷ್ಟಾದರೂ ಕಿಟ್ಟೆಲ್ ಮಿಶನ್ ಬಿಡಲಿಲ್ಲ. ಅವರ ನಂಬಿಕೆಯ ನಿಜವಾದ ಗುರುತು ಇಲ್ಲಿದೆ. ತಮ್ಮನ್ನು ದೂರವಿಟ್ಟವರ ಮನಸ್ಸು ಗೆಲ್ಲಲು ತಿಣುಕುವ ಬದಲು, ತಾವು ಯಾರಿಗಾಗಿ ಬಂದಿದ್ದರೋ ಅವರ ಮಾತಿಗೆ ಕಿವಿಗೊಟ್ಟರು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯಾಗಿ ನಮ್ಮ ಪದ್ಯದ ಧಾಟಿಯಲ್ಲಿ ಕಟ್ಟಿದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ಛಂದಸ್ಸು ಅವರ ಸಂಪಾದನೆಯಲ್ಲಿ ಹೊರಬಂದವು. ಜೈನ ಕವಿಯ ವ್ಯಾಕರಣವನ್ನು ಕ್ರೈಸ್ತ ಪಾದ್ರಿ ತಿದ್ದಿ ಅಚ್ಚು ಮಾಡಿಸಿದ್ದನ್ನು ಕಂಡು ಕೆಲವರು ಹುಬ್ಬೇರಿಸಿದ್ದರೆ ಆಶ್ಚರ್ಯವಿಲ್ಲ.

ನಡುವೆ ಜರ್ಮನಿಗೆ ಮರಳಿದವರು, ಐವತ್ತು ದಾಟಿದ ಮೇಲೆ ನಿಘಂಟು ಮುಗಿಸಲೆಂದು ಮತ್ತೆ ಬಂದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. ಗಾದೆ, ಒಗಟು, ಅಡುಗೆಮನೆ, ಹೊಲ, ಎಲ್ಲದರ ಮಾತು ಅದರಲ್ಲಿದೆ. ಜನರ ನಡುವೆ ಕೂತು ‘ಇದಕ್ಕೇನಂತೀರಿ?’ ಎಂದು ಕೇಳದೆ ಅಂಥ ಪುಸ್ತಕ ಆಗುವುದಿಲ್ಲ. ಒಂಟಿತನ ಪೂರ್ತಿ ಹೋಯಿತೆಂದು ಹೇಳಲಾಗದು. ಅದಕ್ಕೊಂದು ಕೆಲಸ ಸಿಕ್ಕಿತು ಅನ್ನಬಹುದು. ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದದ್ದು 1896ರಲ್ಲಿ. 1903ರಲ್ಲಿ ಟ್ಯೂಬಿಂಗನ್ನಿನಲ್ಲೇ ನಿಧನರಾದರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ.

ಭಾನುವಾರದ ಆರಾಧನೆ ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಸುಮ್ಮನೆ ಎದ್ದು ಹೋಗುವ ಹೊಸ ಮುಖಗಳು ಹುಬ್ಬಳ್ಳಿಯ ಯಾವ ಸಭೆಯಲ್ಲೂ ಇರುತ್ತವೆ. ಕಿಟ್ಟೆಲ್ ಜನರನ್ನು ಕೇಳಿದ ಹಾಗೆ, ಸಭೆಯ ಹಿರಿಯರೂ ಅವರ ಕೈಗೆ ವಚನದ ಚೀಟಿ ಕೊಡುವ ಮೊದಲು ಯಾವೂರು, ಮನೆಯಲ್ಲಿ ಯಾವ ಮಾತು, ಊಟಕ್ಕೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಲಿ. ಎಲ್ಲಿಗೂ ಇಲ್ಲ ಎಂದರೆ, ಮನೆಗೆ ಕರೆದುಕೊಂಡು ಹೋಗಲಿ.