ಏನೂ ಆಗದ ದಿನಗಳ ಲೆಕ್ಕ

ಆಯುಧಪೂಜೆಯ ದಿನ ತಿಕೋಟಾದ ಆ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಗಾಡಿಗೆ ಸಲ್ಲುವ ಮರ್ಯಾದೆ ಹೊಸ ಅಳಿಯನಿಗೂ ಸಲ್ಲಲಿಕ್ಕಿಲ್ಲ. ಬೆಳಗಾಗುತ್ತಲೇ ಅದಕ್ಕೆ ಸ್ನಾನ, ಬಾನೆಟ್ಟಿನ ತುಂಬ ವಿಭೂತಿ ಕುಂಕುಮ, ತೋಟದಿಂದ ತಂದ ಚೆಂಡುಹೂವಿನ ಹಾರ, ಮುಂದಿನ ಗಾಲಿಗಳ ಕೆಳಗೆ ಒಂದೊಂದು ನಿಂಬೆಹಣ್ಣು, ಕೊನೆಗೆ ಕುಂಬಳಕಾಯಿ. ಪೇಟೆಯವರು ಎಸ್‌ಯುವಿ ಎಂದು ಕರೆಯುವ, ಏಳು ಮಂದಿ ಕೂಡುವ ಎತ್ತರದ ಡೀಸೆಲ್ ಗಾಡಿ ಅದು. ಮಳೆಗಾಲದಲ್ಲಿ ಎರೆಮಣ್ಣಿನ ದಾರಿ ದಾಟಿ ತೋಟಕ್ಕೆ ಹೋಗುತ್ತದೆ; ಬೇಸಿಗೆಯಲ್ಲಿ ಅದೇ ದಾರಿಯ ದೂಳು ಕುಡಿಯುತ್ತ ಆಳುಗಳಿಗೆ ಬುತ್ತಿ ಒಯ್ಯುತ್ತದೆ. ಮದುವೆ ಮುಂಜಿ, ವಿಜಯಪುರದ ಸಂತೆ, ಬಬಲೇಶ್ವರದ ತವರುಮನೆ ಎಲ್ಲಕ್ಕೂ ಅದೇ. ಇಷ್ಟು ಪೂಜೆ ನಡೆದರೂ ಒಂದು ಕೊರತೆ ಉಳಿಯುತ್ತಿತ್ತು. ಬಾನೆಟ್ಟಿನ ಮೇಲೆ ಹಾರ ಬೀಳುತ್ತಿತ್ತೇ ಹೊರತು, ಬಾನೆಟ್ಟನ್ನು ಎತ್ತಿ ಒಳಗೇನಿದೆ ಎಂದು ಯಾರೂ ನೋಡುತ್ತಿರಲಿಲ್ಲ.

ಹಾಗೆಂದು ಮನೆಯ ಯಜಮಾನರು ಬೇಜವಾಬ್ದಾರಿ ಮನುಷ್ಯರಲ್ಲ. ಪುಕ್ಕಟೆ ಸರ್ವಿಸುಗಳು ಇರುವವರೆಗೂ ತಪ್ಪದೆ ಗಾಡಿಯನ್ನು ಊರಿಗೆ ಒಯ್ದಿದ್ದರು. ದುಡ್ಡು ಕೊಡುವ ಸರದಿ ಬಂದಾಗ ಮಾತ್ರ ಲೆಕ್ಕ ಬದಲಾಯಿತು. “ವರ್ಷಕ್ಕ ಆರ ಸಾವಿರ ಕಿಲೋಮೀಟರ್‌ನೂ ಓಡಿಲ್ಲ. ಓಡದ ಗಾಡಿಗಿ ಸರ್ವಿಸ್ ಯಾಕ ಬೇಕು? ಹತ್ತ ಸಾವಿರ ಆಗಲಿ” ಎಂದರು. ಕೇಳಿದವರಿಗೂ ಅದು ನ್ಯಾಯವಾದ ಮಾತೇ ಅನ್ನಿಸಿತು. ಹೀಗೆ ಎರಡು ವರ್ಷ ಕಳೆಯಿತು. ಗಾಡಿ ಬಿಸಿಯಾಗುತ್ತದೆ ಅನ್ನಿಸಿದಾಗಲೆಲ್ಲ ತೋಟದ ಬೋರಿನ ನೀರು ರೇಡಿಯೇಟರಿಗೆ ಬೀಳುತ್ತಿತ್ತು.

ಮಗಳು ವಿಜಯಪುರದಲ್ಲಿ ಪಿ.ಯು.ಸಿ. ವಿಜ್ಞಾನ ಓದುತ್ತಿದ್ದಳು. ಏಪ್ರಿಲ್ ತಿಂಗಳ ಸಿ.ಇ.ಟಿ. ಪರೀಕ್ಷೆಯ ದಿನ ಬಂತು. ಬಿಸಿಲು ನಲವತ್ತರ ಆಸುಪಾಸು. ತಿಕೋಟಾದಿಂದ ವಿಜಯಪುರ ಇಪ್ಪತ್ತು ಕಿಲೋಮೀಟರಿನಷ್ಟು ದಾರಿ. ಅರ್ಧ ತಾಸು ಸಾಕು ಎಂದು ತಂದೆ ಮಗಳು ಹೊರಟರು. ತೊರವಿ ಹತ್ತಿರ ಬರುವಷ್ಟರಲ್ಲಿ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿತು, ಬಾನೆಟ್ಟಿನ ಸಂದಿಯಿಂದ ಉಗಿ ಎದ್ದಿತು. ಯಜಮಾನರು ಗಾಡಿ ನಿಲ್ಲಿಸಿ, ಹೆಗಲ ಮೇಲಿನ ಟವೆಲನ್ನು ಕೈಗೆ ಸುತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದರು.

“ಅಪ್ಪಾ, ಮುಟ್ಟಬ್ಯಾಡ! ಕುಕ್ಕರ್ ಇದ್ದಂಗ ಅದ ಅದು!” ಎಂದು ಮಗಳು ಕೂಗಿದಳು.

ಆ ಕೂಗು ಅವರ ಮುಖ ಉಳಿಸಿತು. ರೇಡಿಯೇಟರಿನ ಮುಚ್ಚಳ ಬರೀ ಮುಚ್ಚಳವಲ್ಲ. ಒಳಗಿನ ದ್ರವವನ್ನು ಒತ್ತಡದಲ್ಲಿ ಹಿಡಿದಿಡುವ ಕವಾಟ. ವಾತಾವರಣದ ಒತ್ತಡದ ಎರಡರಷ್ಟು ಒತ್ತಡದಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಲ್ಲ, ಸುಮಾರು 120ರಲ್ಲಿ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿಯುತ್ತದೆ. ಅಲ್ಲಿಯವರೆಗೆ ಕುದಿಯದೆ ಇದ್ದ ಬಿಸಿನೀರು ಒಮ್ಮೆಲೇ ಉಗಿಯಾಗಿ ಮೇಲಕ್ಕೆ ಚಿಮ್ಮುತ್ತದೆ. ಅಡಿಗೆಮನೆಯಲ್ಲಿ ಕುಕ್ಕರಿನ ಸೀಟಿ ಇಳಿಯುವವರೆಗೆ ಕಾಯುವ ನಾವು ರಸ್ತೆಯ ಮೇಲೆ ಕಾಯುವುದಿಲ್ಲ.

ಹಿಂದಿನಿಂದ ಬಂದ ಸರಕಾರಿ ಬಸ್ಸಿಗೆ ಕೈ ತೋರಿಸಿ ಮಗಳು ಹತ್ತಿದಳು. ಪರೀಕ್ಷಾ ಕೇಂದ್ರ ತಲುಪಿದಾಗ ಬಾಗಿಲು ಮುಚ್ಚಲು ಹತ್ತು ನಿಮಿಷವಿತ್ತು. ಆ ಬಸ್ಸು ಕಾಲು ತಾಸು ತಡವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಆ ಮನೆಯಲ್ಲಿ ಇಂದಿಗೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ತಂದೆ ಬೇವಿನ ನೆರಳಲ್ಲಿ ಮಿಸ್ತ್ರಿಯ ದಾರಿ ಕಾಯುತ್ತ ಕುಳಿತರು. ಅವರು ಕುಳಿತ ಜಾಗ ಸಾಮಾನ್ಯದ್ದಲ್ಲ. ತೊರವೆ ರಾಮಾಯಣದ ಊರು ಅದು. ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರಕ್ಕೆ ನೀರು ಹೋಗುತ್ತಿದ್ದುದೂ ಇದೇ ತೊರವಿಯಿಂದ, ನೆಲದೊಳಗಿನ ಸುರಂಗದಲ್ಲಿ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಕಂಡಿಗಳನ್ನು ಬಿಟ್ಟಿದ್ದರು. ಆಳು ಇಳಿದು ಹೂಳು ತೆಗೆಯಲು ಅವು ಬೇಕಾಗಿದ್ದವು. ಕಟ್ಟುವಾಗಲೇ ಹೂಳು ತುಂಬುತ್ತದೆಂದು ತಿಳಿದು, ತೆಗೆಯುವ ದಾರಿಯನ್ನೂ ಕಟ್ಟಿದ ಜಾಣರು ಅವರು. ಇಳಿಯುವವರು ಇಲ್ಲವಾದ ಮೇಲೆ ಕಂಡಿಗಳು ಉಳಿದವು, ನೀರು ಹೋಯಿತು.

ಮಿಸ್ತ್ರಿ ಬಂದು ನೋಡಿದ. ಮೇಲಿನ ರಬ್ಬರ್ ಪೈಪು ಸೀಳಿತ್ತು. ಆದರೆ ರೋಗ ಅಲ್ಲಿರಲಿಲ್ಲ. ಬೋರಿನ ಗಡಸು ನೀರು ಕಾದು ಕಾದು, ಸ್ನಾನದ ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವಂಥ ಬಿಳಿ ಹಕ್ಕಳೆ ರೇಡಿಯೇಟರಿನ ಸಣ್ಣ ಸಣ್ಣ ನಳಿಗೆಗಳಲ್ಲಿ ಕಟ್ಟಿತ್ತು. “ಸಾವ್ಕಾರ್ರ, ಇದರಾಗ ಕೂಲಂಟ್ ಅನ್ನೂದು ಹೆಸರಿಗೂ ಉಳಿದಿಲ್ರಿ. ಬರೇ ಬೋರಿನ ನೀರ ಅದ” ಎಂದ. ಕೂಲಂಟ್ ಎಂಬುದು ಬಣ್ಣದ ನೀರಲ್ಲ. ಅದರಲ್ಲಿ ಕುದಿಬಿಂದುವನ್ನು ಏರಿಸುವ ಗ್ಲೈಕಾಲ್ ಇರುತ್ತದೆ, ಲೋಹಕ್ಕೆ ತುಕ್ಕು ಹಿಡಿಯದಂತೆ ತಡೆಯುವ ರಾಸಾಯನಿಕಗಳೂ ಇರುತ್ತವೆ. ಸಮಸಮವಾಗಿ ಶುದ್ಧ ನೀರಿನೊಂದಿಗೆ ಬೆರೆಸಿದರೆ ತೆರೆದ ಪಾತ್ರೆಯಲ್ಲೇ ಅದು ಕುದಿಯುವುದು ಸುಮಾರು 107 ಡಿಗ್ರಿಗೆ.

ಪರೀಕ್ಷೆ ಮುಗಿದ ಮೇಲೆ ಮಗಳು ಗಾಡಿಯ ಡ್ಯಾಶ್‌ಬೋರ್ಡಿನ ಡಬ್ಬಿ ತೆಗೆದಳು. ಕುಂಕುಮದ ಪೊಟ್ಟಣ, ಹಳೆಯ ಪೆಟ್ರೋಲ್ ಬಂಕಿನ ಚೀಟಿಗಳು, ಅವುಗಳ ಕೆಳಗೆ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದ ಒಂದು ಪುಸ್ತಿಕೆ. ಇಂಗ್ಲಿಷಿನಲ್ಲಿದ್ದ ಅದನ್ನು ಅವಳು ಎರಡು ದಿನ ಪಾಠದಂತೆ ಓದಿದಳು. ಓದಿದಾಗ ಅಪ್ಪನ ಲೆಕ್ಕ ಎಲ್ಲಿ ತಪ್ಪಿತ್ತು ಎಂಬುದು ಗೊತ್ತಾಯಿತು. ‘10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು’ ಎಂದು ಅಲ್ಲಿತ್ತು. ಅಪ್ಪ ಮೊದಲ ಅರ್ಧವನ್ನಷ್ಟೇ ಕೇಳಿಕೊಂಡಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ದೂಳಿನ ರಸ್ತೆ, ಅತಿಯಾದ ಸೆಕೆ, ಮೇಲಿಂದ ಮೇಲೆ ಹತ್ತಿರದ ಓಡಾಟ, ಭಾರ ಎಳೆಯುವುದು ಇವಿದ್ದರೆ ಕೆಲವು ಕೆಲಸಗಳನ್ನು ಇನ್ನೂ ಬೇಗ ಮಾಡಿಸಬೇಕು. ಓದುತ್ತ ಓದುತ್ತ ಅವಳಿಗೆ ನಗು ಬಂತು. ಪುಸ್ತಿಕೆ ಬರೆದವರು ತಿಕೋಟಾದ ತೋಟದ ದಾರಿಯನ್ನೇ ನೋಡಿ ಬರೆದಂತಿತ್ತು.

ಓಡದ ಗಾಡಿ ಕೆಡುವುದು ಹೇಗೆ? ಎಂಜಿನ್ ಎಣ್ಣೆಯನ್ನೇ ನೋಡಿ. ಮನೆಯಿಂದ ತೋಟಕ್ಕೆ ಮೂರು ಕಿಲೋಮೀಟರ್ ಹೋಗಿ ನಿಂತರೆ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಡೀಸೆಲ್ ಉರಿದಾಗ ಹುಟ್ಟುವ ನೀರಿನ ಆವಿ ಎಣ್ಣೆಯಲ್ಲೇ ಉಳಿಯುತ್ತದೆ, ಮಸಿ ಸೇರುತ್ತದೆ, ಎಣ್ಣೆಯ ಗುಣ ಕುಂದುತ್ತದೆ. ಬ್ರೇಕಿನ ದ್ರವ ಗಾಳಿಯಲ್ಲಿನ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಡಾಟ್-4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ದ್ರವಕ್ಕೆ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಪೆಡಲು ಕೆಳಗಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಇದೆಲ್ಲ ನಡೆಯುವುದು ಕಿಲೋಮೀಟರಿನ ಲೆಕ್ಕದಲ್ಲಲ್ಲ, ಕ್ಯಾಲೆಂಡರಿನ ಲೆಕ್ಕದಲ್ಲಿ.

ಗಾಳಿಯ ಫಿಲ್ಟರಿನದು ಇನ್ನೊಂದು ಕಥೆ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿ ಬೇಕು. ಬೇಸಿಗೆಯ ದೂಳಿನಲ್ಲಿ ಅಷ್ಟು ಗಾಳಿಯನ್ನು ಸೋಸುವ ಕಾಗದದ ಮಡಿಕೆಗಳನ್ನು ಎಂದೋ ಒಮ್ಮೆ ನೋಡಿದರೆ ಸಾಕೆ? ಟೈರಿನ ಗಾಳಿಯದು ವಿದ್ಯಾರ್ಥಿಗಳೇ ಬಿಡಿಸಬಹುದಾದ ಲೆಕ್ಕ. ಬೆಳಗ್ಗೆ 27 ಡಿಗ್ರಿಯಲ್ಲಿ 35 ಪೌಂಡು ತುಂಬಿದ ಟೈರು ಓಡಿ ಕಾದು 57 ಡಿಗ್ರಿಯಾದರೆ ಒತ್ತಡ ಎಷ್ಟು? ವಾತಾವರಣದ ಸುಮಾರು 15 ಪೌಂಡನ್ನು ಕೂಡಿಸಿಕೊಂಡು, ಕೆಲ್ವಿನ್ ಮಾನದಲ್ಲಿ ಲೆಕ್ಕ ಹಾಕಿದರೆ 50 ಇದ್ದದ್ದು 55 ಆಗುತ್ತದೆ. ಮಾಪಕ 40 ತೋರಿಸುತ್ತದೆ. ಯಜಮಾನರು ಪ್ರತಿ ಸಲ ವಿಜಯಪುರ ಮುಟ್ಟಿದ ಮೇಲೆ ಗಾಳಿ ನೋಡಿಸಿ, ‘ಹೆಚ್ಚಾಗಿದೆ’ ಎಂದು ಬಿಡಿಸಿ ಬರುತ್ತಿದ್ದರು. ರಾತ್ರಿ ತಣಿದ ಮೇಲೆ ಟೈರು ಕೊರತೆಯಲ್ಲಿರುತ್ತಿತ್ತು. ಗಾಳಿ ನೋಡಬೇಕಾದದ್ದು ಗಾಡಿ ಓಡುವ ಮೊದಲು, ಟೈರು ತಣ್ಣಗಿರುವಾಗ.

ಇಷ್ಟೆಲ್ಲ ಹೇಳಿದರೂ ತಂದೆಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. “ಕೆಟ್ಟಾಗ ರಿಪೇರಿ ಮಾಡಿಸಿದ್ರಾತು. ಕೆಡದs ಇದ್ದದ್ದಕ್ಕ ರೊಕ್ಕ ಹಾಕೂದಂದ್ರ ಹೆಂಗವ್ವಾ?” ಎಂದರು. ಆಗ ಮಗಳು ಗೂಡಿನಲ್ಲಿದ್ದ ಅವರದೇ ಡೈರಿಯನ್ನು ತಂದು ಮುಂದಿಟ್ಟಳು. ಅದು ದ್ರಾಕ್ಷಿಯ ಡೈರಿ. ಏಪ್ರಿಲ್ ಚಾಟ್ನಿ ಎಂದಾಯಿತು, ಅಕ್ಟೋಬರ್ ಚಾಟ್ನಿ ಎಂದಾಯಿತು, ಚಾಟ್ನಿಯಾಗಿ ಎಷ್ಟನೇ ದಿನ ಯಾವ ಔಷಧ, ಯಾವ ಗೊಬ್ಬರ, ಎಲ್ಲ ಅವರ ಕೈಬರಹದಲ್ಲಿತ್ತು. ಹದಿನೈದು ವರ್ಷದಲ್ಲಿ ಒಂದು ದಿನ ತಪ್ಪಿರಲಿಲ್ಲ.

“ಡೌನಿ ರೋಗ ಎಲಿಮ್ಯಾಲ ಕಂಡ ಮ್ಯಾಲ ಔಷಧ ಹೊಡೀತಿಯೋ, ಮೋಡ ಕಟ್ಟಿದಾಗ ಹೊಡೀತಿಯೋ?” ಎಂದು ಕೇಳಿದಳು.

“ಕಂಡ ಮ್ಯಾಲ ಹೊಡದ್ರ ಗೊನಿ ಉಳೀತಾವೇನ? ಮೊದಲs ಹೊಡೀಬೇಕು” ಎಂದವರು ಅಲ್ಲಿಗೇ ನಿಂತರು. ಕಟ್ಟೆಯ ಮೇಲೆ ಕುಳಿತಿದ್ದ ಮುತ್ಯಾ ನಕ್ಕುಬಿಟ್ಟರು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾದರೂ ಅವರಿಗೆ ಅದು ಇನ್ನೂ ಬಿಜಾಪುರವೇ. “ಬಿಜಾಪುರದ ಸಿದ್ಧೇಶ್ವರ ಜಾತ್ರಿಗಿ ಬಂಡಿ ಹೂಡೂ ಮೊದಲ ಅಚ್ಚಿಗಿ ಕೀಲೆಣ್ಣಿ ಹಾಕದs ನಾ ಒಂದ ವರ್ಷನೂ ಹೊಂಟಿಲ್ಲ. ಕಿರ್‌ ಅನ್ನೂತನ ಕಾಯ್ದಿಲ್ಲ” ಎಂದರು.

ಅಂದಿನಿಂದ ದ್ರಾಕ್ಷಿಯ ಡೈರಿಯ ಕೊನೆಯ ಪುಟಗಳಲ್ಲಿ ಗಾಡಿಗೂ ಜಾಗ ಸಿಕ್ಕಿತು. ಮಗಳು ಗೆರೆ ಎಳೆದು ಮನೆಗಳನ್ನು ಮಾಡಿದಳು: ದಿನಾಂಕ, ಕಿಲೋಮೀಟರ್, ಮಾಡಿಸಿದ್ದು, ಮುಂದಿನ ಸರದಿ. ಕೊನೆಯ ಮನೆಗೆ ‘ಏನಾಯಿತು?’ ಎಂದು ಹೆಸರಿಟ್ಟಳು. ವಾರಕ್ಕೊಮ್ಮೆ ಬೆಳಗ್ಗೆ ಟೈರಿನ ಗಾಳಿ, ಎಣ್ಣೆಯ ಕಡ್ಡಿ, ಕೂಲಂಟಿನ ಗೆರೆ ನೋಡುವುದು. ಗಾಳಿಯ ಫಿಲ್ಟರನ್ನು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡುವುದು. ಪುಸ್ತಿಕೆ ಹೇಳಿದ ದಿನಕ್ಕೆ ಸರ್ವಿಸ್. ಆಯುಧಪೂಜೆಯ ದಿನ ಹಾರ ಹಾಕುವ ಮೊದಲು ಬಾನೆಟ್ ಎತ್ತುವುದೂ ಶುರುವಾಯಿತು.

ನಿಜವಾದ ಪರೀಕ್ಷೆ ಬಂದದ್ದು ಮರುವರ್ಷ. ಒಣದ್ರಾಕ್ಷಿ ಶೆಡ್ಡಿನಲ್ಲಿ ಹಣ್ಣು ಹರವಿದ ಹೊತ್ತಿಗೆ ಅಕಾಲಿಕ ಮಳೆ ಬಂದು ಅರ್ಧ ಮಾಲು ಕಪ್ಪಾಯಿತು, ದರ ಬಿತ್ತು. ಮಗಳ ಕಾಲೇಜಿನ ಫೀ ಕಟ್ಟಿ, ಆಳುಗಳ ಬಾಕಿ ತೀರಿಸಿದ ಮೇಲೆ ಕೈ ಬರಿದಾಗಿತ್ತು. ಅದೇ ತಿಂಗಳು ಡೈರಿಯಲ್ಲಿ ಬ್ರೇಕಿನ ದ್ರವ ಬದಲಿಸುವ ಸರದಿ ಇತ್ತು. ಮುಂದಿನ ಎರಡು ಟೈರುಗಳೂ ಸವೆದು ಗುರುತಿನ ಗೆರೆಗೆ ಬಂದಿದ್ದವು. ಯಜಮಾನರು ಎರಡು ದಿನ ಡೈರಿಯನ್ನು ಮುಚ್ಚಿಟ್ಟರು. “ಈ ವರ್ಷ ಬಿಡೂಣು. ಗಾಡಿ ಛಲೋನೇ ಓಡಾಕತ್ತದ” ಎಂದರು.

ಹೆಂಡತಿ ಹೆಚ್ಚು ಮಾತಾಡಲಿಲ್ಲ. “ಬೆಳಿ ಹೋದ ವರ್ಷ ಗಾಡಿಗಿ ಗೊತ್ತಾಗ್ತದೇನ್ರಿ? ಅದರಾಗ ಕೂಡೂದು ನಾವs” ಎಂದಷ್ಟೇ ಹೇಳಿ, ಸಂಘದಲ್ಲಿ ಕೂಡಿಟ್ಟಿದ್ದ ತನ್ನ ಉಳಿತಾಯದಿಂದ ಟೈರಿನ ಹಣ ಕೊಟ್ಟರು. ಆ ವರ್ಷ ಆಕೆಗೆ ಬರಬೇಕಿದ್ದ ಹೊಸ ಹೊಲಿಗೆ ಯಂತ್ರ ಬರಲಿಲ್ಲ.

ಆ ಮಳೆಗಾಲದ ಒಂದು ರಾತ್ರಿ ಹನ್ನೊಂದಕ್ಕೆ ಬಬಲೇಶ್ವರದಿಂದ ಫೋನು ಬಂತು. ಆಕೆಯ ತಾಯಿಗೆ ಉಸಿರಾಟ ಕಷ್ಟವಾಗಿತ್ತು. ಗಂಡ ಹೆಂಡತಿ ಹೊರಟರು. ಮೊದಲ ಕೀಲಿಗೇ ಗಾಡಿ ಸ್ಟಾರ್ಟ್ ಆಯಿತು. ಜಡಿಮಳೆ, ಕತ್ತಲು, ರಸ್ತೆಯ ಮೇಲೆ ಎರೆಮಣ್ಣಿನ ಜಾರಿಕೆ. ಬಬಲೇಶ್ವರ ಮುಟ್ಟಿ, ಮುದುಕಿಯನ್ನು ಹಿಂದಿನ ಸೀಟಿನಲ್ಲಿ ಮಗಳ ತೊಡೆಗೆ ಒರಗಿಸಿಕೊಂಡು ವಿಜಯಪುರದ ಆಸ್ಪತ್ರೆ ಸೇರಿದರು. ಮೂರು ದಿನಕ್ಕೆ ಅವರು ಎದ್ದು ಕುಳಿತು ಚಹಾ ಕೇಳಿದರು. ನೋಡಲು ಬಂದ ಬಂಧುಗಳು ವೈದ್ಯರನ್ನು ಹೊಗಳಿದರು, ದೇವರಿಗೆ ಕೈ ಮುಗಿದರು. ಗಾಡಿಯ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಆಡಲು ಏನೂ ಇರಲಿಲ್ಲವಲ್ಲ!

ರಜೆಗೆ ಬಂದ ಮಗಳಿಗೆ ತಂದೆ ಕೇಳಿದರು: “ಇದನ್ನೆಲ್ಲ ಮಾಡಿಸಿದ್ದಕ್ಕs ಗಾಡಿ ಕೈ ಕೊಡಲಿಲ್ಲ ಅಂತ ಹೆಂಗ ಹೇಳ್ತಿ? ಮಾಡಸದಿದ್ರೂ ಮುಟ್ಟತಿದ್ವೇನೋ.”

“ಒಂದ ರಾತ್ರಿ ನೋಡಿ ಹಂಗ ಹೇಳಾಕ ಆಗೂದಿಲ್ಲಪ್ಪ” ಎಂದಳು ಮಗಳು. “ಔಷಧ ಹೊಡದ ತೋಟದಾಗ ಡೌನಿ ಬರಲಿಲ್ಲಂದ್ರ, ಮುಂದಿನ ವರ್ಷ ಹೊಡೀದs ಬಿಡ್ತಿಯೇನು?”

ಆಗಿಹೋದ ಕೇಡಿಗೆ ನೂರು ಸಾಕ್ಷಿ ಸಿಗುತ್ತವೆ. ಆಗದೆ ಉಳಿದ ಕೇಡಿಗೆ ಒಂದೂ ಸಿಗುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪ ಓದಿಕೊಳ್ಳುವ ಮಗುವಿಗೆ ಪರೀಕ್ಷೆಯ ಹಿಂದಿನ ರಾತ್ರಿ ಸುಮ್ಮನೆ ನಿದ್ದೆ ಬರುತ್ತದೆ. ಅದನ್ನು ಯಾರೂ ಸಾಧನೆ ಎನ್ನುವುದಿಲ್ಲ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವರ ಕಥೆ ಗಾದೆಯಾಗಿ ಉಳಿದಿದೆ. ದಿನವೂ ಸಂಜೆ ತಪ್ಪದೆ ಬಾಗಿಲು ಹಾಕಿದ ಕಾವಲುಗಾರನ ಮೇಲೆ ಗಾದೆ ಕಟ್ಟಿದವರಿಲ್ಲ.

ಆ ಸಂಜೆ ಯಜಮಾನರು ಡೈರಿ ತೆಗೆದರು. ಟೈರು ಮತ್ತು ಬ್ರೇಕಿನ ದ್ರವ ಬದಲಿಸಿದ ಸಾಲಿನ ಕೊನೆಯ ಮನೆ ಖಾಲಿಯಿತ್ತು. ಸ್ವಲ್ಪ ಹೊತ್ತು ಯೋಚಿಸಿ, ‘ಏನಾಯಿತು?’ ಎಂಬುದರ ಕೆಳಗೆ ಬರೆದರು: ‘ಏನೂ ಆಗಿಲ್ಲ.’ ಆಮೇಲೆ ಕ್ಯಾಲೆಂಡರ್ ನೋಡಿ ಮುಂದಿನ ಸರದಿಯ ದಿನಾಂಕಕ್ಕೆ ಗುಂಡು ಹಾಕಿದರು; ಪಕ್ಕದಲ್ಲೇ ಇನ್ನೊಂದು ದಿನಾಂಕಕ್ಕೆ ಗುಂಡು ಹಾಕಿ, ಸಣ್ಣಗೆ ‘ಹೊಲಿಗೆ ಯಂತ್ರ’ ಎಂದು ಬರೆದರು.