ಮಧುರೆಯ ಜಗುಲಿಯಲ್ಲಿ ಮಿದುಳಿನ ಲೆಕ್ಕ

ಮಕ್ಕಳೇ, ಶನಿವಾರ ದೊಡ್ಡಬಳ್ಳಾಪುರದಲ್ಲಿ ಮಧುರೆ ಬಸ್ಸು ಹತ್ತಿದರೆ ನಿಂತೇ ಹೋಗಬೇಕು. ಎಲ್ಲರೂ ಶನಿಮಹಾತ್ಮನ ಗುಡಿಗೆ ಹೊರಟವರು. ನಾನು ಹೋದದ್ದು ಅಕ್ಕನನ್ನು ನೋಡಲು. ಅವಳಿಗೆ 81. ಬಾಗಿಲಲ್ಲೇ ನನ್ನನ್ನು ನೋಡಿ, “ಯಾರಪ್ಪಾ ನೀನು?” ಅಂದಳು.

ಅಕ್ಕನ ಮೊಮ್ಮಗಳು ಬೆಂಗಳೂರಿನಲ್ಲಿ ಮಿದುಳಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಅಳೆಯುತ್ತಾಳೆ. ಜಗುಲಿಯಲ್ಲಿ ಕೂತು ವಿಚಾರಿಸಿದೆ.

“ಯಂತ್ರ ಯೋಚನೆ ಓದಲ್ಲ ತಾತ. ಮಿದುಳಿನ ಯಾವ ಭಾಗ ದುಡಿಯುತ್ತೋ ಅಲ್ಲಿಗೆ ಆಮ್ಲಜನಕದ ರಕ್ತ ಹೆಚ್ಚು ಹರಿಯುತ್ತೆ. ಎಂ.ಆರ್.ಐ. ಹಿಡಿಯೋದು ಆ ವ್ಯತ್ಯಾಸವನ್ನ. ಅದೂ ಐದಾರು ಸೆಕೆಂಡು ತಡವಾಗಿ.”

ಬ್ಯಾಂಕಿನ ಲೆಡ್ಜರ್ ನೆನಪಾಯಿತು. ಅಲ್ಲೂ ಕಾಣುವುದು ಹಣವಲ್ಲ, ಹಣ ಓಡಾಡಿದ ಗುರುತು. ಅದೂ ಎಷ್ಟೋ ಸಲ ಮಾರನೇ ದಿನ! ಮಲಗಿದವರ ತಲೆ ಚೂರು ಅಲುಗಿದರೂ ಚಿತ್ರದ ಲೆಕ್ಕ ತಪ್ಪುತ್ತದಂತೆ. ಮೊದಲು ಆ ಅಲುಗಾಟವನ್ನು ಸರಿಪಡಿಸಿ, ಆಮೇಲೆ ಮುಂದಿನ ಕೆಲಸ. ನಾವೂ ಟ್ಯಾಲಿ ಆಗದೆ ಮನೆಗೆ ಹೋಗುತ್ತಿರಲಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಿದ್ದಾರೆ. ಗುರಿ 10,000 ಮಂದಿ. ರಕ್ತ, ನೆನಪಿನ ಪರೀಕ್ಷೆ, ಎಂ.ಆರ್.ಐ. ಎಲ್ಲವೂ ಉಂಟು. ಮರೆವು ಕೆಲವರಿಗೆ ಬರುತ್ತದೆ, ಕೆಲವರಿಗಿಲ್ಲ, ಅದೇಕೆಂದು ಹುಡುಕಾಟ.

“ಅಕ್ಕನಿಗೆ ವಾಸಿಯಾಗುತ್ತಾ?” ಮೆಲ್ಲಗೆ ಕೇಳಿದೆ.

“ಚಿತ್ರದಿಂದ ವಾಸಿಯಾಗಲ್ಲ ತಾತ. ಮಿದುಳು ಎಲ್ಲಿ ಕುಗ್ಗಿದೆ ಅಂತ ಕಾಣುತ್ತೆ, ಅಷ್ಟೇ.” ಹುಡುಗಿ ಸುಳ್ಳು ಹೇಳಲಿಲ್ಲ.

ಹೊರಟಾಗ ಅಕ್ಕ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ನನ್ನ ಕೈಗಿಟ್ಟಳು. ನಾನು ಸ್ಕೂಲಿಗೆ ಹೋಗುವಾಗ ಕೊಡುತ್ತಿದ್ದ ಹಾಗೆಯೇ. “ಬಸ್ ಚಾರ್ಜಿಗೆ ಇಟ್ಕೋ, ಕಳೀಬೇಡ,” ಅಂದಳು.